ಮತ ಹಾಕಿದವರು ಯಾರು, ಕೂಡಿಸಿದವರು ಯಾರು?

ಹದಿನೆಂಟು ತುಂಬಿದ ಮಗನೋ ಮಗಳೋ ಇರುವ ಮನೆಗಳಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ‘ನಾನು ಯಾಕೆ ವೋಟು ಹಾಕಬೇಕು? ನಾವು ಹಾಕುವುದು ಒಬ್ಬರಿಗೆ, ಕುರ್ಚಿಯಲ್ಲಿ ಕೂರುವವರು ಇನ್ನೊಬ್ಬರು.’ ಇದಕ್ಕೆ ಉತ್ತರ ಕೊಡಬೇಕಾದ ತಂದೆತಾಯಿಗಳಲ್ಲಿ ಹಲವರು ಒಳಗೊಳಗೇ ಈ ಮಾತನ್ನು ಒಪ್ಪುವವರೇ. ‘ರಾಮ ಆಳಿದರೇನು, ರಾವಣ ಆಳಿದರೇನು, ನಮ್ಮ ಪಾಡು ನಮಗೆ’ ಎಂದು ಪೇಪರು ಮಡಿಸಿಟ್ಟು ಎದ್ದುಹೋಗುತ್ತಾರೆ. ಹೀಗೆ ಹಿರಿಯರ ಬೇಸರ ಪಿತ್ರಾರ್ಜಿತ ಆಸ್ತಿಯಂತೆ ಕಿರಿಯರ ಹೆಸರಿಗೆ ವರ್ಗವಾಗುತ್ತದೆ.

ಈ ಬೇಸರ ಸುಮ್ಮನೆ ಹುಟ್ಟಿದ್ದಲ್ಲ. 2018ರ ಮೇ 12ರಂದು ಮೊದಲ ಬಾರಿಗೆ ಮತಗಟ್ಟೆಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದ ಕರ್ನಾಟಕದ ಹುಡುಗ ಹುಡುಗಿಯರನ್ನು ನೆನೆಯಿರಿ. ಅವರು ಮತ ಹಾಕಿದ್ದು ಒಂದೇ ಸಲ. ಆದರೆ ಆ ವಿಧಾನಸಭೆಯ ಐದು ವರ್ಷಗಳಲ್ಲಿ ಅವರು ನೋಡಿದ್ದು ಮುಖ್ಯಮಂತ್ರಿಯ ನಾಲ್ಕು ಪ್ರಮಾಣವಚನಗಳನ್ನು. 2018ರ ಮೇ 17ರಂದು ಬಿ.ಎಸ್. ಯಡಿಯೂರಪ್ಪ, ಮೇ 23ರಂದು ಎಚ್.ಡಿ. ಕುಮಾರಸ್ವಾಮಿ, 2019ರ ಜುಲೈ 26ರಂದು ಮತ್ತೆ ಯಡಿಯೂರಪ್ಪ, 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ. ಇದರಲ್ಲಿ ತನ್ನ ಮತ ಯಾವುದಕ್ಕೆ ಸಂದಿತು ಎಂದು ಆ ಹುಡುಗಿ ಕೇಳಿದರೆ ಅದನ್ನು ಉದ್ಧಟತನವೆಂದು ತಳ್ಳಿಹಾಕುವಂತಿಲ್ಲ. ಲೆಕ್ಕ ಕೇಳುವವರಿಗೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ಏಳು ಕ್ಷೇತ್ರಗಳ ಲೆಕ್ಕ

ಒಂದು ಪುಟ್ಟ ರಾಜ್ಯವನ್ನು ಊಹಿಸಿಕೊಳ್ಳೋಣ. ಅಲ್ಲಿ ಏಳು ಕ್ಷೇತ್ರಗಳು, ಕ್ಷೇತ್ರಕ್ಕೆ ನೂರು ಮತದಾರರು. ಮೂರು ಪಕ್ಷಗಳು, ಅವುಗಳ ಗುರುತು ಮಾವು, ಹಲಸು, ಬಾಳೆ. ಮೊದಲ ಮೂರು ಕ್ಷೇತ್ರಗಳಲ್ಲಿ ಪ್ರತಿಯೊಂದರಲ್ಲೂ ಹಲಸಿಗೆ 46, ಮಾವಿಗೆ 44, ಬಾಳೆಗೆ 10 ಮತ ಬಿತ್ತು. ನಾಲ್ಕು ಮತ್ತು ಐದನೆಯ ಕ್ಷೇತ್ರಗಳಲ್ಲಿ ಮಾವಿಗೆ 56, ಹಲಸಿಗೆ 36, ಬಾಳೆಗೆ 8. ಆರು ಮತ್ತು ಏಳರಲ್ಲಿ ಬಾಳೆಗೆ 52, ಮಾವಿಗೆ 38, ಹಲಸಿಗೆ 10.

ಈಗ ಕೂಡಿಸಿ ನೋಡಿ. ಒಟ್ಟು 700 ಮತಗಳಲ್ಲಿ ಮಾವಿಗೆ 320, ಹಲಸಿಗೆ 230, ಬಾಳೆಗೆ 150. ಆದರೆ ಗೆದ್ದ ಸ್ಥಾನಗಳು? ಹಲಸಿಗೆ ಮೂರು, ಮಾವಿಗೆ ಎರಡು, ಬಾಳೆಗೆ ಎರಡು. ಹೆಚ್ಚು ಮತ ಪಡೆದ ಪಕ್ಷ ಒಂದು, ಹೆಚ್ಚು ಸ್ಥಾನ ಪಡೆದ ಪಕ್ಷ ಇನ್ನೊಂದು, ಬಹುಮತಕ್ಕೆ ಬೇಕಾದ ನಾಲ್ಕು ಸ್ಥಾನ ಯಾರಿಗೂ ಇಲ್ಲ. ಇದರಲ್ಲಿ ಮೋಸವಿಲ್ಲ. ಪ್ರತಿ ಕ್ಷೇತ್ರದಲ್ಲೂ ಹೆಚ್ಚು ಮತ ಪಡೆದವನೇ ಗೆದ್ದಿದ್ದಾನೆ. ನಮ್ಮ ದೇಶದ ಚುನಾವಣಾ ಪದ್ಧತಿ ನಡೆಯುವುದೇ ಹೀಗೆ. ಒಂದು ಮತದಿಂದ ಗೆದ್ದರೂ ಗೆಲುವೇ, ಒಂದು ಲಕ್ಷದಿಂದ ಗೆದ್ದರೂ ಗೆಲುವೇ. ಗೆಲ್ಲಲು ಬೇಕಾದದ್ದಕ್ಕಿಂತ ಹೆಚ್ಚಾಗಿ ಒಂದೇ ಕಡೆ ಬಿದ್ದ ಮತ ಪಕ್ಕದ ಕ್ಷೇತ್ರಕ್ಕೆ ಹರಿದುಹೋಗುವುದಿಲ್ಲ.

2018ರಲ್ಲಿ ಕರ್ನಾಟಕದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ ಲೆಕ್ಕ. ಅಂದು 224 ಕ್ಷೇತ್ರಗಳ ಪೈಕಿ 222ರಲ್ಲಿ ಮತದಾನವಾಯಿತು. ಕಾಂಗ್ರೆಸ್ಸಿಗೆ ಶೇಕಡ 38ರಷ್ಟು ಮತ, 78 ಸ್ಥಾನ. ಬಿಜೆಪಿಗೆ ಶೇಕಡ 36ರಷ್ಟು ಮತ, 104 ಸ್ಥಾನ. ಜೆಡಿಎಸ್‌ಗೆ ಶೇಕಡ 18ರಷ್ಟು ಮತ, 37 ಸ್ಥಾನ. ಉಳಿದ ಮೂರು ಸ್ಥಾನ ಇತರರಿಗೆ. ಬಹುಮತಕ್ಕೆ ಬೇಕಾಗಿದ್ದದ್ದು 112. ಕಾಂಗ್ರೆಸ್ಸಿನ ಮತ ರಾಜ್ಯದ ಎಲ್ಲ ಕಡೆ ಹರಡಿಕೊಂಡಿತ್ತು. ಜೆಡಿಎಸ್ ಮತ ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಗಟ್ಟಿಯಾಗಿ ಒತ್ತರಿಸಿಕೊಂಡಿತ್ತು. ಹೀಗೆ ಮೂರು ಕಡೆಯ ಸ್ಪರ್ಧೆ ಇರುವಲ್ಲಿ ಅತಂತ್ರ ಫಲಿತಾಂಶ ಬರುವುದು ವಿಚಿತ್ರವೇನಲ್ಲ.

ಇಲ್ಲೊಂದು ಮಾತನ್ನು ಮನಸ್ಸಿನಲ್ಲಿಡಬೇಕು. ಫಲಿತಾಂಶದ ಮರುದಿನ ‘ಮತದಾರ ಅತಂತ್ರ ತೀರ್ಪು ನೀಡಿದ್ದಾನೆ’ ಎಂದು ಬರೆಯುವುದು, ಹೇಳುವುದು ರೂಢಿ. ನಿಜವಾಗಿ ನೋಡಿದರೆ ಯಾವ ಮತದಾರನೂ ಅತಂತ್ರಕ್ಕೆ ಮತ ಹಾಕಿಲ್ಲ. ಅಂಥ ಗುಂಡಿ ಮತಯಂತ್ರದಲ್ಲಿ ಇಲ್ಲ. ಒಬ್ಬನು ಮಾವಿಗೆ ಒತ್ತಿದ, ಇನ್ನೊಬ್ಬನು ಬಾಳೆಗೆ ಒತ್ತಿದ. ಆರನೆಯ ಕ್ಷೇತ್ರದಲ್ಲಿ ಬಾಳೆಗೆ ಒತ್ತಿದವನು ಮಾವು ಬರಬಾರದೆಂದೇ ಒತ್ತಿದ. ಫಲಿತಾಂಶ ಬಂದ ಸಂಜೆ ಮಾವು ಮತ್ತು ಬಾಳೆ ಒಂದೇ ಬುಟ್ಟಿಯಲ್ಲಿ ಕಾಣಿಸಿಕೊಂಡರೆ ಅವನಿಗೆ ಏನೆನ್ನಿಸಬೇಕು? ಮತ ಹಾಕುವ ಕೆಲಸ ಅವನದು. ಹಾಕಿದ ಮತವನ್ನು ಯಾವುದರ ಜೊತೆ ಕೂಡಿಸಬೇಕೆಂಬ ಕೆಲಸ ಅವನನ್ನು ಕೇಳದೆಯೇ ನಡೆಯಿತು. ಮತದಾರನ ಮುನಿಸಿನ ಬೇರು ಇಲ್ಲಿದೆ.

ಮಿಶ್ರಣವೋ, ಸಂಯುಕ್ತವೋ?

ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗ ಎಲ್ಲರೂ ಓದಿದ್ದೇ. ಎರಡನ್ನೂ ಬಟ್ಟಲಿನಲ್ಲಿ ಹಾಕಿ ಕಲಸಿದರೆ ಒಂದೇ ವಸ್ತುವಿನಂತೆ ಕಾಣುತ್ತದೆ. ಆದರೆ ಮೇಲೊಂದು ಅಯಸ್ಕಾಂತ ಆಡಿಸಿದರೆ ಸಾಕು, ಕಬ್ಬಿಣ ಎದ್ದು ಅದಕ್ಕೆ ಅಂಟಿಕೊಳ್ಳುತ್ತದೆ, ಗಂಧಕ ಬಟ್ಟಲಲ್ಲೇ ಉಳಿಯುತ್ತದೆ. ಇದು ಮಿಶ್ರಣ. ಅದೇ ಎರಡನ್ನು 7ಕ್ಕೆ 4ರ ತೂಕದಲ್ಲಿ ಸೇರಿಸಿ ಚೆನ್ನಾಗಿ ಕಾಯಿಸಿದರೆ ಕಬ್ಬಿಣದ ಸಲ್ಫೈಡ್ ಎಂಬ ಹೊಸ ವಸ್ತುವಾಗುತ್ತದೆ. ಆಗ ಅಯಸ್ಕಾಂತದ ಆಟ ನಡೆಯುವುದಿಲ್ಲ. ಇದು ಸಂಯುಕ್ತ. ಮಿಶ್ರಣವನ್ನು ಯಾವ ಪ್ರಮಾಣದಲ್ಲಾದರೂ ಮಾಡಬಹುದು. ಸಂಯುಕ್ತಕ್ಕೆ ಗೊತ್ತಾದ ಪ್ರಮಾಣವಿರಬೇಕು, ಶಾಖವೂ ತಗಲಬೇಕು.

ಕನ್ನಡದಲ್ಲಿ ಇಂಥ ಸರ್ಕಾರವನ್ನು ‘ಸಮ್ಮಿಶ್ರ ಸರ್ಕಾರ’ ಎಂದು ಕರೆದವರು ಯಾರೋ, ಬಹಳ ಸರಿಯಾಗಿಯೇ ಕರೆದಿದ್ದಾರೆ. ನಮ್ಮಲ್ಲಿ ಆದ ಇಂಥ ಸರ್ಕಾರಗಳು ಬಹುಪಾಲು ಮಿಶ್ರಣಗಳೇ. ಅಯಸ್ಕಾಂತ ಎಲ್ಲಿರುತ್ತದೆ, ಅದಕ್ಕೆ ಯಾರು ಅಂಟಿಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2004ರ ಚುನಾವಣೆಯನ್ನೇ ನೋಡಿ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಎದುರಿಸಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿಕೊಂಡು ಧರ್ಮಸಿಂಗ್ ಮುಖ್ಯಮಂತ್ರಿಯಾದರು. 2006ರ ಫೆಬ್ರುವರಿಯಲ್ಲಿ ಆ ಜೋಡಿ ಮುರಿದು ಜೆಡಿಎಸ್ ಮತ್ತು ಬಿಜೆಪಿ ಜೋಡಿಯಾದವು. ಇಪ್ಪತ್ತು ತಿಂಗಳು ಕುಮಾರಸ್ವಾಮಿ, ಇಪ್ಪತ್ತು ತಿಂಗಳು ಯಡಿಯೂರಪ್ಪ ಎಂಬುದು ಒಪ್ಪಂದ. ಮೊದಲ ಇಪ್ಪತ್ತು ತಿಂಗಳು ಮುಗಿದಾಗ ಅಧಿಕಾರ ಕೈಬದಲಾಗಲಿಲ್ಲ. 2007ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, ಜೆಡಿಎಸ್ ಬೆಂಬಲ ಸಿಗದೆ 19ರಂದು ರಾಜೀನಾಮೆ ಕೊಟ್ಟರು. ಮೂವರೂ ಒಬ್ಬರಲ್ಲ ಒಬ್ಬರ ಜೊತೆ ಕೂಡಿದ್ದಾಯಿತು, ಮುರಿದದ್ದೂ ಆಯಿತು. ಆ ನಾಲ್ಕು ವರ್ಷಗಳಲ್ಲಿ ಮತದಾರನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಒಂದು ಮತಕ್ಕೆ ಬೆಲೆಯಿಲ್ಲ ಎನ್ನುವವರು ಅದೇ 2004ರ ಇನ್ನೊಂದು ಫಲಿತಾಂಶವನ್ನು ಮರೆಯಬಾರದು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. ಅಷ್ಟು ಹಣಾಹಣಿ ನಡೆಸಿದ ಆ ಎರಡು ಪಕ್ಷಗಳು ಕೆಲವೇ ವಾರಗಳಲ್ಲಿ ಒಂದೇ ಸರ್ಕಾರದ ಎರಡು ಗಾಲಿಗಳಾದವು. ಒಂದು ಮತಕ್ಕೆ ಎಷ್ಟು ಬೆಲೆಯಿದೆಯೆಂದೂ, ಎಣಿಕೆ ಮುಗಿದ ಮೇಲೆ ಆ ಬೆಲೆ ಎಲ್ಲಿಗೆ ಹೋಗುತ್ತದೆಯೆಂದೂ ಒಟ್ಟಿಗೆ ಹೇಳುವ ಉದಾಹರಣೆ ಇದು.

ಕೂಡಿಸಿದರೆ ಕೂಡದ ಮತ

2018ರಲ್ಲಿ ನಡೆದದ್ದು ಇನ್ನೂ ವೇಗವಾಗಿ. ಅತಿದೊಡ್ಡ ಪಕ್ಷವೆಂದು ರಾಜ್ಯಪಾಲರು ಯಡಿಯೂರಪ್ಪ ಅವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ವಿಚಾರಣೆ ನಡೆಸಿತು. ಕೊನೆಗೆ ಮೇ 19ರಂದೇ ಸದನದಲ್ಲಿ ಬಹುಮತ ಸಾಬೀತಾಗಬೇಕೆಂದಿತು. ಅಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲೇ ಆಗಬೇಕೆಂಬ ನಿಯಮ ಹುಟ್ಟಿದ್ದೂ ಕರ್ನಾಟಕದಿಂದಲೇ. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರ್ಕಾರದ ಮೊಕದ್ದಮೆಯಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ಹಾಗೆಂದು ತೀರ್ಪು ನೀಡಿತ್ತು.

ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಮೂವತ್ತೇಳು ಶಾಸಕರ ಪಕ್ಷದ ನಾಯಕ ಮುಖ್ಯಮಂತ್ರಿ, ಅದರ ಎರಡರಷ್ಟು ಶಾಸಕರಿರುವ ಪಕ್ಷ ಜೊತೆಗಾರ. ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ, ತಾವು ಆರೂವರೆ ಕೋಟಿ ಜನರ ಹಂಗಿನಲ್ಲಿಲ್ಲ, ಕಾಂಗ್ರೆಸ್ಸಿನ ಹಂಗಿನಲ್ಲಿದ್ದೇವೆ ಎಂಬ ಅರ್ಥದ ಮಾತಾಡಿದರು. ಜನ ಪೂರ್ಣ ಬಹುಮತ ಕೊಡಲಿಲ್ಲ ಎಂಬುದು ಅವರ ವಿವರಣೆ. ಟೀಕೆ ಬಹಳ ಬಂತು. ಆದರೆ ಸಮ್ಮಿಶ್ರ ಸರ್ಕಾರದ ಒಳಗಿನ ಸ್ಥಿತಿಯನ್ನು ಅಷ್ಟು ಬಿಚ್ಚಿ ಹೇಳಿದ ಮಾತು ಇನ್ನೊಂದಿಲ್ಲ. ಸರ್ಕಾರ ಉಳಿಯಬೇಕಾದರೆ ಯಾರ ಮುಖ ನೋಡಬೇಕೋ ಅವರ ಮುಖ ನೋಡುವುದು ಅಧಿಕಾರದ ಸ್ವಭಾವ.

ಪ್ರಣಾಳಿಕೆಗಳ ಗತಿಯೂ ಹಾಗೆಯೇ. ರೈತರ ಸುಮಾರು 53,000 ಕೋಟಿ ರೂಪಾಯಿ ಸಾಲವನ್ನು ಮನ್ನಾ ಮಾಡುತ್ತೇವೆಂದು ಜೆಡಿಎಸ್ ಹೇಳಿತ್ತು. 2018ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಘೋಷಣೆಯಾದದ್ದು 34,000 ಕೋಟಿಯ ಯೋಜನೆ. ಹಾಲಿಗೆ ನೀರು ಬೆರೆತಂತೆ ಮಿಶ್ರಣದಲ್ಲಿ ಪ್ರತಿಯೊಂದು ಪಕ್ಷದ ಮಾತೂ ಸ್ವಲ್ಪ ತೆಳುವಾಗುತ್ತದೆ. ಅದು ತಪ್ಪೇನಲ್ಲ, ನಾಲ್ಕು ಜನ ಕೂಡಿ ಸಂಸಾರ ಮಾಡುವಾಗ ಒಬ್ಬನ ಇಷ್ಟವೇ ನಡೆಯುವುದಿಲ್ಲ. ಎಷ್ಟು ತೆಳುವಾದೀತೆಂದು ಮೊದಲೇ ಹೇಳದಿರುವುದು ತಪ್ಪು.

2019ರ ಲೋಕಸಭಾ ಚುನಾವಣೆಯಲ್ಲಿ ಈ ಎರಡು ಪಕ್ಷಗಳು ಒಟ್ಟಾಗಿ ನಿಂತವು. ಕಾಗದದ ಮೇಲೆ 38 ಮತ್ತು 18 ಕೂಡಿದರೆ 56. ಆದರೆ ಎಣಿಕೆಯಲ್ಲಿ ಎರಡಕ್ಕೂ ಸೇರಿ ಬಂದದ್ದು ಶೇಕಡ 42ರ ಒಳಗೆ. 28 ಸ್ಥಾನಗಳಲ್ಲಿ ಬಿಜೆಪಿಗೆ 25, ಕಾಂಗ್ರೆಸ್ಸಿಗೆ ಒಂದು, ಜೆಡಿಎಸ್‌ಗೆ ಒಂದು. ಮಂಡ್ಯದಲ್ಲಿ ಮುಖ್ಯಮಂತ್ರಿಯ ಮಗ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರೆದುರು ಸೋತರು. ತುಮಕೂರಿನಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರೇ ಸೋತರು. ಲೋಕಸಭೆಗೆ ಮತ ಹಾಕುವಾಗ ಜನರ ಮನಸ್ಸಿನಲ್ಲಿ ದಿಲ್ಲಿ ಇರುತ್ತದೆ, ಆದ್ದರಿಂದ ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂಬುದು ನಿಜ. ಆದರೂ ಒಂದು ಸಂಗತಿ ಸ್ಪಷ್ಟ. ನಾಯಕರು ಕೈ ಕುಲುಕಿದ ಮಾತ್ರಕ್ಕೆ ತಲೆಮಾರುಗಳಿಂದ ಎದುರುಬದುರು ನಿಂತ ಊರಿನ ಜನ ಕೈ ಕುಲುಕುವುದಿಲ್ಲ. ಶಾಸಕರ ಸಂಖ್ಯೆ ಕೂಡುತ್ತದೆ, ಮತ ಕೂಡುವುದಿಲ್ಲ.

ಹದಿನೇಳು ರಾಜೀನಾಮೆ, ಎರಡು ಊರಿನ ಉತ್ತರ

2019ರ ಜುಲೈ ತಿಂಗಳಲ್ಲಿ ಆಡಳಿತ ಪಕ್ಷಗಳ ಹದಿನೇಳು ಶಾಸಕರು ಕೈಕೊಟ್ಟರು. ಬಹುತೇಕ ಎಲ್ಲರೂ ರಾಜೀನಾಮೆ ಪತ್ರ ಬರೆದವರು. ಜುಲೈ 23ರಂದು ವಿಶ್ವಾಸಮತದಲ್ಲಿ ಸರ್ಕಾರಕ್ಕೆ 99, ವಿರೋಧಕ್ಕೆ 105 ಮತ ಬಿದ್ದು ಸರ್ಕಾರ ಉರುಳಿತು. ಪಕ್ಷಾಂತರ ನಿಷೇಧ ಕಾನೂನು 1985ರಿಂದ ಇದೆ. ಮೂರರಲ್ಲಿ ಒಂದು ಭಾಗ ಒಡೆದುಹೋದರೆ ತಪ್ಪಿಲ್ಲವೆಂಬ ಅದರ ಸಡಿಲಿಕೆಯನ್ನು 2003ರ ತಿದ್ದುಪಡಿ ತೆಗೆದುಹಾಕಿತು. ಆದರೆ ರಾಜೀನಾಮೆ ಕೊಟ್ಟು, ಇನ್ನೊಂದು ಪಕ್ಷ ಸೇರಿ, ಮತ್ತೆ ಚುನಾವಣೆಗೆ ನಿಲ್ಲುವ ದಾರಿ ತೆರೆದೇ ಇತ್ತು. ಸಭಾಧ್ಯಕ್ಷರು ಹದಿನೇಳು ಮಂದಿಯನ್ನೂ ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂದರು. ಸುಪ್ರೀಂ ಕೋರ್ಟು 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಗೆ ಹಾಕಿದ ಅಡ್ಡಿಯನ್ನು ಮಾತ್ರ ತೆಗೆಯಿತು. ಹಾಗಾಗಿ ಕೊನೆಯ ಮಾತು ಮತ್ತೆ ಮತದಾರನ ಬಳಿಗೇ ಬಂತು.

ಮತದಾರ ಏನು ಮಾಡಿದ? 2019ರ ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿ ಹನ್ನೆರಡರಲ್ಲಿ ಗೆದ್ದಿತು. ಪಕ್ಷ ಬದಲಿಸಿ ನಿಂತ ಹದಿಮೂರು ಮಂದಿಯಲ್ಲಿ ಹನ್ನೊಂದು ಮಂದಿ ಗೆದ್ದರು. ‘ನಮ್ಮ ಮತ ಮಾರಿಕೊಂಡರು’ ಎಂದು ಅರಳಿಕಟ್ಟೆಯ ಮೇಲೆ ಕೂತು ಬೈದ ಜನರಲ್ಲೇ ಎಷ್ಟೋ ಮಂದಿ ಆ ಮಾರಾಟಕ್ಕೆ ರಸೀದಿ ಹರಿದುಕೊಟ್ಟಂತಾಯಿತು. ಸರ್ಕಾರ ಗಟ್ಟಿಯಾಗಲಿ, ತಮ್ಮ ಕ್ಷೇತ್ರಕ್ಕೊಬ್ಬ ಮಂತ್ರಿ ಸಿಗಲಿ, ರಸ್ತೆಯೋ ಕೆರೆಯೋ ಆಗಲಿ ಎಂಬ ಆಸೆ ಅದಕ್ಕೆ ಕಾರಣವಾಗಿರಬಹುದು. ಅದನ್ನು ಹೀಗಳೆಯಬೇಕಿಲ್ಲ. ಆದರೆ ರಾಜಕಾರಣಿಯೊಬ್ಬನೇ ಕೆಟ್ಟವನು, ಮತದಾರ ಬರೀ ಮುಗ್ಧ ಎಂಬ ಕಥೆ ಇಲ್ಲಿಗೆ ನಿಲ್ಲುತ್ತದೆ.

ಎಲ್ಲ ಊರುಗಳೂ ಒಂದೇ ಉತ್ತರ ಕೊಡಲಿಲ್ಲ. ಹೊಸಕೋಟೆಯಲ್ಲಿ ಆ ದಿನ ಶೇಕಡ 90ರಷ್ಟು ಜನ ಮತ ಹಾಕಿದರು. ಕಾಂಗ್ರೆಸ್ ಬಿಟ್ಟು ಬಿಜೆಪಿಯಿಂದ ನಿಂತ ಎಂ.ಟಿ.ಬಿ. ನಾಗರಾಜ್ ಅಲ್ಲಿ ಪಕ್ಷೇತರ ಅಭ್ಯರ್ಥಿ ಶರತ್ ಬಚ್ಚೇಗೌಡ ಅವರೆದುರು ಸೋತರು. ಆದರೆ ಮುಂಬಾಗಿಲಲ್ಲಿ ಸೋತವರಿಗೆ ಇನ್ನೊಂದು ಬಾಗಿಲಿತ್ತು. ನಾಗರಾಜ್ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋಗಿ 2021ರ ಜನವರಿಯಲ್ಲಿ ಮಂತ್ರಿಯೂ ಆದರು. ಮತದಾರನಿಗೆ ಬೇಸರವಾಗುವುದು ಇಂಥ ಕಡೆಯೇ.

ಇನ್ನೊಂದು ಊರು ರಾಯಚೂರು ಜಿಲ್ಲೆಯ ಮಸ್ಕಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಅವರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು ಬರೀ 213 ಮತಗಳಿಂದ ಸೋಲಿಸಿದ್ದರು. ಪಾಟೀಲರು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಫಲಿತಾಂಶದ ಮೇಲಿದ್ದ ಮೊಕದ್ದಮೆಯಿಂದಾಗಿ ಅಲ್ಲಿ ಉಪಚುನಾವಣೆ ತಡವಾಗಿ 2021ರ ಏಪ್ರಿಲ್‌ನಲ್ಲಿ ನಡೆಯಿತು. ಅಷ್ಟರಲ್ಲಿ ತುರ್ವಿಹಾಳರು ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದ್ದರು. ಅದೇ ಇಬ್ಬರು ಅಭ್ಯರ್ಥಿಗಳು, ಬಾವುಟಗಳು ಮಾತ್ರ ಅದಲುಬದಲು. ಈ ಸಲ ತುರ್ವಿಹಾಳರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಗೆದ್ದವರೂ ಪಕ್ಷ ಬದಲಿಸಿದವರೇ, ಹಾಗಾಗಿ ಇದನ್ನು ನೀತಿಯ ಗೆಲುವೆಂದು ಮೆರೆಸಬೇಕಾಗಿಲ್ಲ. ಆದರೆ ಸೋತು ಪಕ್ಷ ಬದಲಿಸುವುದಕ್ಕೂ, ಗೆದ್ದ ಮೇಲೆ ಜನರ ಮತವನ್ನು ಹೊತ್ತುಕೊಂಡು ಇನ್ನೊಂದು ಮನೆಗೆ ಹೋಗುವುದಕ್ಕೂ ಇರುವ ಅಂತರವನ್ನು ಮಸ್ಕಿಯ ಜನ ಬೇರೆಯಾಗಿಯೇ ತೂಗಿದಂತೆ ಕಾಣುತ್ತದೆ. 213 ಎಲ್ಲಿ, ಮೂವತ್ತು ಸಾವಿರ ಎಲ್ಲಿ!

ಕೇಳಿದ ಸರ್ಕಾರ, ಹೇಳಿದ ಕೂಟ

ಹಾಗಾದರೆ ಕೂಡಿ ನಡೆಸುವ ಸರ್ಕಾರವೆಲ್ಲ ಕೆಟ್ಟದ್ದೇ? ಕರ್ನಾಟಕದ್ದೇ ಇನ್ನೊಂದು ಉದಾಹರಣೆ ಇದೆ. 1983ರಲ್ಲೂ ಯಾರಿಗೂ ಬಹುಮತ ಬರಲಿಲ್ಲ. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ರಾಮಕೃಷ್ಣ ಹೆಗಡೆಯವರ ಸರ್ಕಾರ ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದಿಂದ ನಡೆಯಿತು. ಅದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಮಸೂದೆ, ಲೋಕಾಯುಕ್ತ ಕಾಯಿದೆ ಆ ಕಾಲದವು. ಹಳ್ಳಿಗಳಲ್ಲಿ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎಂದು ಹೆಸರಾದ ಅಬ್ದುಲ್ ನಜೀರ್ ಸಾಬ್ ಆ ಸರ್ಕಾರದ ಮಂತ್ರಿ. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ಕಾನೂನಿನ ಪ್ರಕಾರ ಹೆಗಡೆಯವರು ಕುರ್ಚಿ ಬಿಡಬೇಕಾಗಿರಲಿಲ್ಲ. ಆದರೂ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ, ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನ 139 ಸ್ಥಾನ ಕೊಟ್ಟರು. ಆ ಸರ್ಕಾರ ದೋಷವಿಲ್ಲದ್ದೆಂದಲ್ಲ. ಅತಂತ್ರ ಫಲಿತಾಂಶ ಬಂದ ಎರಡೇ ವರ್ಷದಲ್ಲಿ ‘ನಾವು ಮುಂದುವರಿಯಬೇಕೇ?’ ಎಂದು ಅದು ಮತದಾರನನ್ನು ಕೇಳಿತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

ನೆರೆಯ ಕೇರಳದ ದಾರಿ ಬೇರೆ. 1965ರಲ್ಲಿ ಅಲ್ಲಿ ಚುನಾವಣೆ ನಡೆದು ಯಾರಿಗೂ ಬಹುಮತ ಬಾರದೆ, ಆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. ಅಂಥ ಅನುಭವ ಉಂಡ ರಾಜ್ಯದಲ್ಲಿ 1980ರ ದಶಕದಿಂದ ಎರಡು ರಂಗಗಳು ನೆಲೆಗೊಂಡವು. ಎಡರಂಗದಲ್ಲಿ ಯಾರಿದ್ದಾರೆ, ಐಕ್ಯರಂಗದಲ್ಲಿ ಯಾರಿದ್ದಾರೆ ಎಂಬುದು ಮತದಾನಕ್ಕೆ ಮೊದಲೇ ಗೊತ್ತಿರುತ್ತದೆ. ಅಲ್ಲಿ ಬಂದ ಸರ್ಕಾರಗಳೆಲ್ಲ ಹಲವು ಪಕ್ಷಗಳ ಸರ್ಕಾರಗಳೇ. ಹೆಚ್ಚಿನವು ಅವಧಿ ಪೂರೈಸಿವೆ. ಅಲ್ಲಿನ ಮತದಾರ ಸಿದ್ಧವಾದ ಸಂಯುಕ್ತವನ್ನು ನೋಡಿ ಮತ ಹಾಕುತ್ತಾನೆ. ಇಲ್ಲಿನ ಮತದಾರ ಕಬ್ಬಿಣಕ್ಕೊಂದು, ಗಂಧಕಕ್ಕೊಂದು ಮತ ಹಾಕಿ ಬಟ್ಟಲಲ್ಲಿ ಏನಾದೀತೆಂದು ಕಾಯುತ್ತಾನೆ. 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ ಕೂಡ ಅತಂತ್ರ ಸ್ಥಿತಿಯಲ್ಲಿ ರಾಜ್ಯಪಾಲರು ಮೊದಲು ಕರೆಯಬೇಕಾದದ್ದು ಚುನಾವಣೆಗೆ ಮುಂಚೆಯೇ ಕೂಡಿಕೊಂಡ ಕೂಟವನ್ನು ಎಂದು ಹೇಳಿತ್ತು. ಮತದಾರನಿಗೆ ತಿಳಿಸಿ ಕೂಡಿಕೊಂಡವರಿಗೆ ಮೊದಲ ಮಣೆ ಎಂಬುದು ಅದರ ತಾತ್ಪರ್ಯ.

ಬೇಸರಕ್ಕೆ ಒಂದು ನೋಟ್‌ಬುಕ್ಕು

ಬೇಸರಗೊಂಡವರಿಗೆ ಸಾಮಾನ್ಯವಾಗಿ ಎರಡು ದಾರಿ ಹೊಳೆಯುತ್ತವೆ. ಮನೆಯಲ್ಲೇ ಕೂರುವುದು ಒಂದು. 2013ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ‘ನೋಟಾ’ ಗುಂಡಿ ಒತ್ತುವುದು ಇನ್ನೊಂದು. 2018ರಲ್ಲಿ ರಾಜ್ಯದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಅದನ್ನು ಒತ್ತಿದರು. ಅದು ಮನಸ್ಸಿನ ಸಿಟ್ಟನ್ನು ದಾಖಲಿಸುತ್ತದೆ, ಅಷ್ಟೇ. ಆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವನೇ ಗೆಲ್ಲುತ್ತಿದ್ದ. ಮನೆಯಲ್ಲಿ ಕೂತವನ ಸಿಟ್ಟಿಗಂತೂ ದಾಖಲೆಯೂ ಇಲ್ಲ.

ಕರ್ನಾಟಕದ ಜನ ಬಹುಪಾಲು ಈ ಎರಡನ್ನೂ ಆರಿಸಿಕೊಂಡಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 2004ರಲ್ಲಿ ಸುಮಾರು ಶೇಕಡ 65ರಷ್ಟು ಮತದಾನವಾಗಿತ್ತು. ಆಮೇಲಿನ ನಾಲ್ಕು ವರ್ಷದ ರಂಪ ನೋಡಿದ ಮೇಲೂ 2008ರಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ ಬಂದರು. ಜೆಡಿಎಸ್ ಸ್ಥಾನಗಳನ್ನು 58ರಿಂದ 28ಕ್ಕೆ ಇಳಿಸಿ, ಬಿಜೆಪಿಗೆ 110 ಕೊಟ್ಟರು. 2018ರಲ್ಲಿ ಶೇಕಡ 72ರಷ್ಟು, 2023ರಲ್ಲಿ 73ಕ್ಕೂ ಹೆಚ್ಚು. ಆ ಸಲ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಕೊಟ್ಟು ಯಾರೂ ಯಾರ ಜೊತೆಗೂ ಕೂಡುವ ಅಗತ್ಯವೇ ಇಲ್ಲದಂತೆ ಮಾಡಿದರು. ಬೇಸರ ಮಾತಿನಲ್ಲಿ ಎಷ್ಟೇ ಇರಲಿ, ಕಾಲು ಮಾತ್ರ ಮತಗಟ್ಟೆಯ ಕಡೆಗೇ ನಡೆದಿದೆ. ಓದು ಬರಹ, ಅನುಕೂಲ ಹೆಚ್ಚಾಗಿರುವ ಬೆಂಗಳೂರು ನಗರದಲ್ಲಿ ಮಾತ್ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಜನ ಮತ ಹಾಕುತ್ತಾರೆಂಬುದನ್ನು ಅಲ್ಲಿನ ಪೋಷಕರು ಯೋಚಿಸಬೇಕು.

ಪ್ರಯೋಗಶಾಲೆಯಲ್ಲಿ ದಾಖಲೆ ಪುಸ್ತಕವಿಲ್ಲದೆ ಪ್ರಯೋಗ ಮಾಡಿದವನಿಗೆ ಅಂಕವಿಲ್ಲ. ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಬರೆಯಲೇಬೇಕು. ಚುನಾವಣೆಗೂ ಪ್ರತಿ ಮನೆಯಲ್ಲಿ ಅಂಥದೊಂದು ಇನ್ನೂರು ಪುಟದ ನೋಟ್‌ಬುಕ್ಕು ಇರಲಿ. ಮನೆಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಮೂರೇ ಪ್ರಶ್ನೆ ಕೇಳಿ. ಬಹುಮತ ಬರದಿದ್ದರೆ ನಿಮ್ಮ ಪಕ್ಷ ಯಾರ ಜೊತೆ ಕೂಡುತ್ತದೆ, ಯಾರ ಜೊತೆ ಕೂಡುವುದಿಲ್ಲ? ಕೂಡಿಕೊಂಡಾಗ ಪ್ರಣಾಳಿಕೆಯ ಯಾವ ಮೂರು ಮಾತುಗಳನ್ನು ಬಿಟ್ಟುಕೊಡುವುದಿಲ್ಲ? ಗೆದ್ದ ಪಕ್ಷವನ್ನು ನಡುವೆ ಬಿಡುವುದಾದರೆ, ಬಿಡುವ ಮೊದಲು ಊರಿಗೆ ಬಂದು ಹೇಳುತ್ತೀರಾ? ಉತ್ತರ ಕೊಟ್ಟರೆ ದಿನಾಂಕ ಹಾಕಿ ಬರೆದಿಡಿ. ನಕ್ಕು ಜಾರಿಕೊಂಡರೆ ಅದನ್ನೂ ಬರೆದಿಡಿ. ಬರೆಯುವ ಕೆಲಸ ಮನೆಯಲ್ಲಿ ಓದುವ ಮಕ್ಕಳದಾಗಲಿ. ಅವರ ಅಕ್ಷರವೂ ದುಂಡಗಿರುತ್ತದೆ, ಐದು ವರ್ಷದ ಹೊತ್ತಿಗೆ ಅವರಿಗೂ ಹದಿನೆಂಟು ತುಂಬಿರುತ್ತದೆ.

ಹಿಂದಿನ ಚುನಾವಣೆಯ ಪುಟ ತೆರೆದು ಅಪ್ಪ ಅಮ್ಮನ ಎದುರು ಕೂತು ಓದುವ ಮಗಳಿಗೆ ‘ಯಾಕೆ ವೋಟು ಹಾಕಬೇಕು’ ಎಂದು ವಿವರಿಸಬೇಕಾಗಿ ಬರುವುದಿಲ್ಲ. ಯಾರಿಗೆ ಹಾಕಬಾರದೆಂಬುದಾದರೂ ಅವಳಿಗೆ ಖಂಡಿತ ತಿಳಿದಿರುತ್ತದೆ.